ಮನುಷ್ಯರೇ ಅಲ್ವಾ ಅಂದೋರು ಬಾಡಿಗೆಗೆ ಮನೆ ಕೊಡ್ತಾರಾ?

ಪ್ರಶ್ನೆ: ನಾನು ಧಾರವಾಡದಲ್ಲಿ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಕೊನೇ ವರ್ಷದಲ್ಲಿದೀನಿ. ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ಸಾಮಾನ್ಯ ಜನರಿಗೆ ಎಷ್ಟು ಗೊತ್ತಿದೆ, ಅವರ ಮನೋಭಾವ ಏನು ಅನ್ನೋದು ನನ್ನ ಡಿಸರ್ಟೇಶನ್ ವಿಷಯ. ಗೈಡ್ ಒಂದು ಅಮೆರಿಕದ ಸ್ಕೇಲ್ (ಮನೋಭಾವ ಅಳೆಯೋ ಪ್ರಶ್ನಾವಳಿ) ಕೊಟ್ಟು ಕನ್ನಡಕ್ಕೆ ತರ್ಜುಮೆ ಮಾಡಿ ಗೂಗಲ್ ಫಾರ್ಮ್‌ನಲ್ಲಿ 200 ಜನರ ಹತ್ರ ತುಂಬಿಸಿ ಅಂದಿದಾರೆ. ಮೊದಲು ಕೆಲವರ ಮೇಲೆ ಪೈಲಟ್ ಮಾಡಿ ನೋಡಿದ್ರೆ ಬಹುತೇಕ ಎಲ್ಲರೂ "ಅವರೂ ಮನುಷ್ಯರೇ ಅಲ್ವಾ" ಅಂತಾರೆ, ಸ್ಕೋರ್ ಎಲ್ಲಾ ಚೆನ್ನಾಗೇ ಬರ್ತಿದೆ. ಇದನ್ನ ನಂಬಬಹುದಾ? ಒಂದು ಜಾಗೃತಿ ಕಾರ್ಯಕ್ರಮ ಮಾಡಿ ಮುಂಚೆ, ಆಮೇಲೆ ಅಂತ ಸ್ಕೋರ್ ಹೋಲಿಸೋ ಯೋಚನೇನೂ ಇದೆ.

ಉತ್ತರ: ನಂಬಬೇಡಿ. ಹಾಗಂತ ಅವರೆಲ್ಲ ಸುಳ್ಳು ಹೇಳ್ತಿದಾರೆ ಅಂತಾನೂ ಅಂದ್ಕೋಬೇಡಿ. ಮನೆ ಬಾಗಿಲಿಗೆ ಕಾಲೇಜಿನೋರು ಬಂದು, ಕುಡಿಯೋಕೆ ನೀರು ಕೊಟ್ಟಾದ್ಮೇಲೆ, ಎದುರಿಗೆ ಕೂತು "ಇವರನ್ನೂ ಸಮಾಜ ಸಮಾನವಾಗಿ ನೋಡ್ಬೇಕು ಅಂತ ನೀವು ಒಪ್ತೀರಾ" ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ, ಅದು ಒಳ್ಳೇತನದ ಪ್ರಶ್ನೆ, ಅದಕ್ಕೆ ಒಳ್ಳೇತನದ ಉತ್ತರಾನೇ ಬರೋದು. ಅದೇ ಮನುಷ್ಯರನ್ನ ಹೀಗೆ ಕೇಳಿ ನೋಡಿ: "ನಿಮ್ಮ ಮೇಲಿನ ಮನೆ ಖಾಲಿ ಇದೆ. ಇಬ್ಬರು ಗಂಡಸರು, ಇಬ್ಬರಿಗೂ ಒಳ್ಳೇ ಕೆಲಸ, ಅಡ್ವಾನ್ಸ್ ಪೂರ್ತಿ ಕೊಡ್ತೀವಿ ಅಂತಾರೆ. ಅವರಿಬ್ಬರೂ ಗಂಡ ಹೆಂಡತಿ ಹಾಗೆ ಜೊತೇಲಿ ಬಾಳ್ತಿರೋರು ಅಂತ ನಿಮಗೆ ಗೊತ್ತಾಯ್ತು. ಮನೆ ಕೊಡ್ತೀರಾ?" ಇಲ್ಲಿ ಉತ್ತರ ಬರೋಕೆ ಟೈಮ್ ತಗೊಳ್ಳತ್ತೆ. "ನಂಗೇನಿಲ್ಲ, ಆದ್ರೆ ಓಣಿಯವ್ರು ಏನಂತಾರೋ" ಅಂತ ಶುರುವಾಗತ್ತೆ, "ಮನೇಲಿ ಬೆಳೆದ ಮಕ್ಕಳಿದಾರೆ" ಅಂತ ಬರತ್ತೆ, ಆ ತಡವರಿಕೆ ಇದ್ಯಲ್ಲ ಅದೇ ನಿಮ್ಮ ಡೇಟಾ. ನನ್ನ ಪ್ರಕಾರ ಈ ವಿಷಯದಲ್ಲಿ "ಒಪ್ಪಿಗೆ" ಅನ್ನೋ ಒಂದೇ ನಂಬರ್ ಅಂತ ಏನೂ ಇಲ್ಲ, ಯಾರ ಬಗ್ಗೆ, ಎಷ್ಟು ಹತ್ತಿರಕ್ಕೆ, ಯಾರ ಎದುರಿಗೆ ಕೇಳಿದ್ರಿ ಅನ್ನೋ ಮೂರರ ಮೇಲೆ ಆ ನಂಬರ್ ನಿಂತಿರತ್ತೆ. ಈ ಮೂರನ್ನೂ ನಿಮ್ಮ ಸ್ಟಡಿ ಒಳಗೆ ತರೋದು ಹೇಗೆ ಅಂತ ನೋಡೋಣ.

ಮೊದಲು "ಎಷ್ಟು ಹತ್ತಿರಕ್ಕೆ". ಇದಕ್ಕೆ ಹಳೇದೊಂದು ವಿಧಾನ ಇದೆ, 1925ರಷ್ಟು ಹಿಂದೆ ಅಮೆರಿಕದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ ಮಾಡಿದ್ದು, ಸೋಷಿಯಲ್ ಡಿಸ್ಟೆನ್ಸ್ ಸ್ಕೇಲ್ ಅಂತಾರೆ. ಅವರದ್ದು ಜನಾಂಗ, ದೇಶಗಳ ಬಗ್ಗೆ ಇತ್ತು, ಈ ಗುಂಪಿನವರನ್ನ ನೆಂಟಸ್ತನಕ್ಕೆ ಒಪ್ತೀರಾ, ಗೆಳೆಯರಾಗಿ ಒಪ್ತೀರಾ, ನೆರೆಮನೆಗೆ ಒಪ್ತೀರಾ, ದೇಶದೊಳಗಾದ್ರೂ ಬಿಡ್ತೀರಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೇಳೋದು. ನೀವು ಅದನ್ನ ನಮ್ಮೂರಿಗೆ ಹೊಂದಿಸ್ಕೊಳ್ಳಿ. ಬಸ್ಸಿನಲ್ಲಿ ಪಕ್ಕದ ಸೀಟು, ಕಿರಾಣಿ ಅಂಗಡಿ ಮಾಲೀಕ, ಆಫೀಸಲ್ಲಿ ಜೊತೆಗೆ ಊಟದ ಡಬ್ಬಿ ತೆಗೆಯೋರು, ಪಕ್ಕದ ಮನೆ, ನಿಮ್ಮದೇ ಬಾಡಿಗೆ ಮನೆ, ಮಕ್ಕಳಿಗೆ ಪಾಠ ಹೇಳೋ ಟೀಚರ್, ಮನೆಯೊಳಗೆ ಅಡುಗೆ ಮಾಡೋರು, ಬೀಗರ ಮನೆಯವರು, ಕೊನೆಗೆ ನಿಮ್ಮ ಮಗ ಅಥವಾ ಮಗಳು. ಬಹಳಷ್ಟು ಜನ ಒಂದು ಕಡೆ ನಿಂತುಬಿಡ್ತಾರೆ. ಎಲ್ಲಿ ನಿಂತ್ರು ಅನ್ನೋದೇ ಅಳತೆ. ಕೆಲವರು ಮಧ್ಯದಲ್ಲಿ ಒಂದು ಮೆಟ್ಟಿಲು ಹಾರಿ ಮುಂದೆ ಹೋಗ್ತಾರೆ, ಉದಾಹರಣೆಗೆ ಟೀಚರ್ ಬೇಡ ಆದ್ರೆ ಸ್ವಂತ ಮಗ ಆದ್ರೆ ಬಿಡೋಕಾಗತ್ತಾ ಅಂತಾರೆ, ಅಂಥ ಉತ್ತರ ಬಂದ್ರೆ ತಪ್ಪು ಅಂತ ಡಿಲೀಟ್ ಮಾಡಬೇಡಿ, ಯಾಕೆ ಅಂತ ಕೇಳಿ ಪಕ್ಕದಲ್ಲಿ ಬರೆದಿಟ್ಕೊಳ್ಳಿ, ಥೀಸಿಸ್‌ನಲ್ಲಿ ಓದೋಕೆ ಲಾಯಕ್ಕಾದ ಭಾಗ ಅದೇ ಆಗಿರತ್ತೆ. ವರ್ಲ್ಡ್ ವ್ಯಾಲ್ಯೂಸ್ ಸರ್ವೇ ಅಂತ ದೊಡ್ಡ ಅಂತಾರಾಷ್ಟ್ರೀಯ ಸಮೀಕ್ಷೆ ಇದೆ, ಅದರಲ್ಲೂ ಈ ಮೆಟ್ಟಿಲಿನ ಒಂದು ತುಂಡು ಇದೆ, ಒಂದು ಪಟ್ಟಿ ಕೊಟ್ಟು ಇವರಲ್ಲಿ ಯಾರು ನೆರೆಮನೆಗೆ ಬರೋದು ನಿಮಗೆ ಇಷ್ಟ ಇಲ್ಲ ಅಂತ ಕೇಳ್ತಾರೆ. ಅದೇ ಸಮೀಕ್ಷೇಲಿ ಸಲಿಂಗ ಸಂಬಂಧ ಎಷ್ಟರ ಮಟ್ಟಿಗೆ ಸಮರ್ಥನೀಯ ಅಂತ 1ರಿಂದ 10ರ ಒಳಗೆ ಅಂಕ ಕೊಡಿ ಅಂತ ಬೇರೆ ಪ್ರಶ್ನೆ ಇದೆ. ಒಂದು ನೈತಿಕ ತೀರ್ಪು, ಇನ್ನೊಂದು ದಿನಾ ಮುಖ ನೋಡೋ ವಿಚಾರ, ಎರಡೂ ಒಂದೇ ಕಡೆ ವಾಲಬೇಕು ಅಂತ ಏನಿಲ್ಲ.

ಎರಡನೇದು "ಯಾರ ಬಗ್ಗೆ", ಇಲ್ಲಿ ನೀವು ಧಾರವಾಡದಲ್ಲಿರೋದು ನಿಮ್ಮ ಅದೃಷ್ಟ ಅಂತೀನಿ. ಪಕ್ಕದಲ್ಲೇ ಸವದತ್ತಿ ಇದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗೋ ಜನ ಜೋಗಪ್ಪಗಳ (ಗಂಡಾಗಿ ಹುಟ್ಟಿ, ಯಲ್ಲಮ್ಮನ ಸೇವೆಗೆ ಅಂತ ಹೆಣ್ಣಿನ ಉಡುಗೆಯಲ್ಲಿ ಬದುಕೋರು) ಕಾಲಿಗೆ ಬೀಳ್ತಾರೆ, ಜೋಗ ಹಾಕ್ತಾರೆ, ಮನೇಲಿ ಕಾರ್ಯ ಇದ್ರೆ ಕರೆಸಿ ಚೌಡಿಕೆ ಪದ ಹಾಡಿಸ್ತಾರೆ. ಅದೇ ಪರಂಪರೆಯ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಲ್ಲಿ ಪದ್ಮಶ್ರೀ ಬಂತು, ಜನ ಹೆಮ್ಮೆ ಪಟ್ರು. ಈ ಜನರ ಹತ್ರ ಹೋಗಿ "ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಬಗ್ಗೆ ಗೌರವ ಇದೆಯಾ" ಅಂತ ಕೇಳಿದ್ರೆ ಇದೆ ಅಂತಾನೇ ಹೇಳ್ತಾರೆ, ಅದರಲ್ಲಿ ನಾಟಕ ಇಲ್ಲ, ಆದ್ರೆ ಆ ಗೌರವ ಹೋಗ್ತಿರೋದು ದೇವಿ ಮೈಮೇಲೆ ಬಂದವರಿಗೆ. ಜೋಗಪ್ಪ ಗುಡ್ಡ ಇಳಿದು ಬಂದು ನಿಮ್ಮ ಮಗಳ ಆಫೀಸಲ್ಲೇ ಕ್ಲರ್ಕ್ ಆಗಿ ಕೂತ್ರೆ, ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟೋ ಹಿಜ್ರಾ ನಿಮ್ಮ ಓಣಿಗೆ ಬಂದು ಮನೆ ಮಾಡಿದ್ರೆ ಅಂತ ಕೇಳಿದಾಗ್ಲೇ ಬೇರೆ ಪದರ ಹೊರಗೆ ಬರೋದು. ಟ್ರಾನ್ಸ್ ಪುರುಷರ (ಹೆಣ್ಣಾಗಿ ಹುಟ್ಟಿದ್ರು ಅಂತ ಎಲ್ಲರೂ ಅಂದ್ರೂ ಗಂಡಾಗಿ ಬದುಕೋರು) ಬಗ್ಗೆ ಕೇಳಿದ್ರಂತೂ ಬಹಳ ಜನರಿಗೆ ಹಾಗೊಂದು ಬದುಕು ಇದೆ ಅನ್ನೋದೇ ಹೊಸ ಸುದ್ದಿ. ಗೇ, ಲೆಸ್ಬಿಯನ್, ಬೈಸೆಕ್ಷುವಲ್, ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ, ಇಂಟರ್‌ಸೆಕ್ಸ್ ಎಲ್ಲರನ್ನೂ ಒಂದೇ ಹೆಸರಿನಡಿ ಹಾಕಿ ಒಂದೇ ಸ್ಕೋರ್ ತೆಗೆದ್ರೆ ಒಬ್ಬರ ಬಗ್ಗೆ ಇರೋ ಭಕ್ತಿ, ಇನ್ನೊಬ್ಬರ ಬಗ್ಗೆ ಇರೋ ಅಸಹ್ಯ, ಮತ್ತೊಬ್ಬರ ಬಗ್ಗೆ ಇರೋ ಪೂರ್ತಿ ಅಜ್ಞಾನ ಎಲ್ಲಾ ಸೇರಿ ಮಧ್ಯದಲ್ಲೊಂದು ಸರಾಸರಿ ಬರತ್ತೆ, ಆ ಸರಾಸರಿಗೆ ಯಾವ ಅರ್ಥಾನೂ ಇಲ್ಲ. ಎಲ್ಲ ಗುಂಪಿನ ಬಗ್ಗೆಯೂ ಎಲ್ಲರಿಗೂ ಕೇಳೋಕೆ ಟೈಮ್ ಸಾಲಲ್ಲ ಅಂದ್ರೆ ಎರಡೇ ಗುಂಪು ಆರಿಸ್ಕೊಳ್ಳಿ, ಟ್ರಾನ್ಸ್ ಮಹಿಳೆಯರು ಮತ್ತು ಸಲಿಂಗ ಜೋಡಿಗಳು ಅಂತ, ಮತ್ತೆ ಟೈಟಲ್‌ನಲ್ಲೇ ಹಾಗಂತ ಬರೀರಿ.

ಪ್ರಶ್ನೇಲಿ ಯಾವ ಹೆಸರು ಬಳಸ್ಬೇಕು ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಆದ್ರೆ ಕಡೆಗಣಿಸಲೂಬೇಡಿ. 2010ರಲ್ಲಿ ಅಮೆರಿಕದ ಸಿಬಿಎಸ್ ಮತ್ತು ನ್ಯೂಯಾರ್ಕ್ ಟೈಮ್ಸ್ ಸೇರಿ ಮಾಡಿದ ಸಮೀಕ್ಷೇಲಿ ಸೈನ್ಯಕ್ಕೆ ಸೇರಿಸ್ಕೊಳ್ಳೋ ಬಗ್ಗೆ ಅರ್ಧ ಜನರಿಗೆ "ಹೋಮೋಸೆಕ್ಷುವಲ್ಸ್" ಅಂತ ಕೇಳಿದ್ರು, ಇನ್ನರ್ಧ ಜನರಿಗೆ "ಗೇ ಮೆನ್ ಅಂಡ್ ಲೆಸ್ಬಿಯನ್ಸ್" ಅಂತ, ಬೆಂಬಲ 59%ರಿಂದ 70%ಗೆ ಏರಿತು. ನಿಮ್ಮ ಡ್ರಾಫ್ಟ್‌ನಲ್ಲಿ "ಲೈಂಗಿಕ ಅಲ್ಪಸಂಖ್ಯಾತರು" ಅಂತ ಹೋದಲ್ಲೆಲ್ಲ ಇದೆ, ಸಂಘಟನೆಯವರಿಗೆ ಅದು ರೂಢಿಯಾದ ಹೆಸರು, ಹೊಲದ ಕೆಲಸ ಮುಗಿಸಿ ಬಂದೋರಿಗೆ ಅಲ್ಪಸಂಖ್ಯಾತರು ಅಂದ್ರೆ ಬೇರೆಯದೇ ಗುಂಪು ಕಣ್ಮುಂದೆ ಬರತ್ತೆ. ಹೆಸರು ಹಾಕೋ ಬದಲು ಮನುಷ್ಯರನ್ನ ವರ್ಣಿಸಿ: "ಹೆಂಗಸರ ಬದಲು ಗಂಡಸರನ್ನೇ ಪ್ರೀತಿಸೋ ಗಂಡಸು", "ಗಂಡಾಗಿ ಹುಟ್ಟಿದ್ರು ಅಂತ ಎಲ್ಲರೂ ಅಂದ್ರೂ ತಾನು ಹೆಣ್ಣು ಅಂತ ಬದುಕ್ತಿರೋರು". ವಾಕ್ಯ ಉದ್ದ ಆಗತ್ತೆ, ಆಗ್ಲಿ.

ದೊಡ್ಡ ಸಮೀಕ್ಷೆಗಳ ನಂಬರ್ ಓದೋದ್ರಲ್ಲೂ ಇದೇ ಎಚ್ಚರ ಬೇಕು, ಯಾಕಂದ್ರೆ ನಿಮ್ಮ ಮೊದಲ ಅಧ್ಯಾಯದಲ್ಲಿ ಇವನ್ನ ಹಾಕೇ ಹಾಕ್ತೀರಿ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2014ರಲ್ಲಿ ಭಾರತದಲ್ಲಿ ಕೇಳಿದಾಗ ಸಲಿಂಗತ್ವವನ್ನ ಸಮಾಜ ಒಪ್ಪಬೇಕು ಅಂದೋರು 15%, 2019ರಲ್ಲಿ ಅದೇ ಪ್ರಶ್ನೆಗೆ 37%. ಮಧ್ಯದಲ್ಲಿ 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಿದೆ, ವಯಸ್ಕರ ನಡುವಿನ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ. ತೀರ್ಪಿನಿಂದಲೇ 15 ಹೋಗಿ 37 ಆಯ್ತು ಅಂತ ಬರೆಯೋಕೆ ಕೈ ತುರಿಸತ್ತೆ, ಬರೀಬೇಡಿ. ಆ ಐದು ವರ್ಷದಲ್ಲೇ ಕಡಿಮೆ ರೇಟಿನ ಡೇಟಾ, ಎಲ್ಲರ ಕೈಗೂ ಸ್ಮಾರ್ಟ್‌ಫೋನ್, ಟಿವಿ ಚರ್ಚೆ, ಟ್ರಾನ್ಸ್ ಜನರನ್ನ ಕಾನೂನು ಗುರುತಿಸಬೇಕು ಅಂದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಎಲ್ಲವೂ ನಡೆದಿವೆ, ಎರಡು ಬಿಂದು ಇಟ್ಕೊಂಡು ಯಾವುದು ಕಾರಣ ಅಂತ ಬಿಡಿಸೋಕಾಗಲ್ಲ. ಇನ್ನೊಂದು ಇದಕ್ಕಿಂತ ಮಜವಾಗಿದೆ. 2023ರಲ್ಲಿ ಪ್ಯೂ ಭಾರತದಲ್ಲಿ ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಕೊಡೋದ್ರ ಬಗ್ಗೆ ಕೇಳ್ತು, ಪರ 53%, ವಿರೋಧ 43%. ಒಪ್ಪಬೇಕು ಅನ್ನೋರು 37, ಮದುವೆ ಆಗ್ಲಿ ಅನ್ನೋರು 53 ಅಂದ್ರೆ ಏನರ್ಥ? ಸುಮ್ನೆ ಒಪ್ಪೋದಕ್ಕಿಂತ ಮದುವೆಗೆ ಒಪ್ಪೋದು ಸುಲಭವಾ? ನಾಲ್ಕು ವರ್ಷದ ಅಂತರ ಇದೆ ನಿಜ, ಆದ್ರೆ ಪ್ರಶ್ನೆಗಳೇ ಬೇರೆ, "ಸಮಾಜ ಒಪ್ಪಬೇಕು" ಅಂದಾಗ ಜನ ಊರಿನ ಪರವಾಗಿ ಉತ್ತರ ಕೊಡ್ತಾರೆ, "ಕಾನೂನು ಅವಕಾಶ ಕೊಡಬೇಕಾ" ಅಂದಾಗ ಮಾಡ್ಕೊಳ್ಳಿ ಬಿಡಿ ನಂಗೇನು ಅಂತ ಯಾರೋ ದೂರದವರ ಬಗ್ಗೆ ಉತ್ತರ ಕೊಡ್ತಾರೆ ಅನ್ನೋದು ನನ್ನ ಅನುಮಾನ. ಎರಡನ್ನೂ ಒಂದೇ ಗ್ರಾಫಿನಲ್ಲಿ ಗೆರೆ ಎಳೆದು ಜೋಡಿಸಿದ್ರೆ ಎಕ್ಸಾಮಿನರ್ ಸುಮ್ನೆ ಬಿಡಬಾರದು.

ಈಗ ಗೈಡ್ ಕೊಟ್ಟ ಸ್ಕೇಲ್. ನೀವು ಕಳಿಸಿದ ಫೋಟೋ ನೋಡಿದೆ, ಗ್ರೆಗರಿ ಹೆರೆಕ್ ಅನ್ನೋ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಮಾಡಿದ್ದು, 20 ವಾಕ್ಯ, ಗೇ ಗಂಡಸರ ಬಗ್ಗೆ 10, ಲೆಸ್ಬಿಯನ್ ಹೆಂಗಸರ ಬಗ್ಗೆ 10. ಒಳ್ಳೇ ಸ್ಕೇಲ್, ಜಗತ್ತಿನ ಎಷ್ಟೋ ಕಡೆ ಬಳಸಿದಾರೆ, ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಕೇಳಿರೋದು ಅದರ ಶಕ್ತಿ. ಆದ್ರೆ ಟ್ರಾನ್ಸ್ ಸಮುದಾಯದ ಬಗ್ಗೆ ಅದರಲ್ಲಿ ಏನೂ ಇಲ್ಲ, ನಮ್ಮ ಕಡೆ ಜನರಿಗೆ ಕಣ್ಣಿಗೆ ಕಾಣೋರು ಅವರೇ. ಅದರಲ್ಲೊಂದು ವಾಕ್ಯ ಇದೆ, ನನ್ನ ಮಗ ಸಲಿಂಗಿ ಅಂತ ಗೊತ್ತಾದ್ರೆ ನನಗೆ ಅಷ್ಟೇನೂ ಬೇಜಾರಾಗಲ್ಲ ಅನ್ನೋ ಅರ್ಥದ್ದು. ಇದಕ್ಕೆ ಒಪ್ತೀನಿ, ಒಪ್ಪಲ್ಲ ಅಂತ ಟಿಕ್ ಮಾಡ್ಬೇಕು. ಕನ್ನಡದಲ್ಲಿ ಇದನ್ನ ಜೋರಾಗಿ ಓದಿ, "ಬೇಜಾರಾಗಲ್ಲ, ಒಪ್ಪಲ್ಲ" ಅಂದ್ರೆ ಬೇಜಾರಾಗತ್ತೆ ಅಂತಾನಾ ಇಲ್ಲ ಅಂತಾನಾ ಅಂತ ಓದಿದೋರೇ ಒಂದ್ನಿಮಿಷ ನಿಲ್ತಾರೆ, ಇನ್ನು ಕೇಳಿಸ್ಕೊಂಡು ಉತ್ತರ ಕೊಡೋ ಅಜ್ಜಿ ಏನು ಮಾಡ್ಬೇಕು. ಹಾಗಂತ ಎಲ್ಲಾ ವಾಕ್ಯಾನೂ ಒಂದೇ ದಿಕ್ಕಿಗೆ ತಿರುಗಿಸಬೇಡಿ, ನಮ್ಮಲ್ಲಿ ದೊಡ್ಡವರು ಓದಿದವರು ಏನೇ ಕೇಳಿದ್ರೂ ಹೂಂ ಅನ್ನೋ ಅಭ್ಯಾಸ ಇದೆ, ಎಲ್ಲಾ ಪಾಸಿಟಿವ್ ವಾಕ್ಯ ಇಟ್ರೆ ಎಲ್ಲರೂ ಉದಾರಿಗಳಾಗಿ ಕಾಣ್ತಾರೆ. ನಿಮ್ಮ ಪೈಲಟ್‌ನಲ್ಲಿ ಆಗಿರೋದು ಅರ್ಧ ಇದೇ. "ಅಲ್ಲ, ಇಲ್ಲ" ಬಳಸ್ದೇ ವಿರುದ್ಧ ದಿಕ್ಕಿನ ವಾಕ್ಯ ಕಟ್ಟಿ: "ಮಗ ಹೀಗೆ ಅಂತ ಗೊತ್ತಾದ್ರೆ ಅವನನ್ನ ಮನೆಯಿಂದ ದೂರ ಇಡೋದೇ ಸರಿ", "ಮಗ ಹೀಗೆ ಅಂತ ಗೊತ್ತಾದ್ರೂ ಅವನು ಮನೇಲೇ ಇರ್ಲಿ". ಎರಡಕ್ಕೂ ಹೂಂ ಅಂದೋರು ಎಷ್ಟು ಜನ ಅಂತ ಎಣಿಸಿದ್ರೆ ಹೂಂಗುಟ್ಟೋ ಚಾಳಿ ಎಷ್ಟಿದೆ ಅಂತಾನೂ ಗೊತ್ತಾಗತ್ತೆ. ತರ್ಜುಮೆ ಆದ್ಮೇಲೆ ನಿಮ್ಮ ಕ್ಲಾಸ್‌ಮೇಟ್ ಅಲ್ಲದ ಒಂದಿಷ್ಟು ಜನರ ಹತ್ರ ಕೂತು, ಉತ್ತರ ಕೇಳೋ ಬದಲು "ಈ ವಾಕ್ಯ ನಿಮಗೆ ಏನು ಹೇಳ್ತಿದೆ, ನಿಮ್ಮ ಮಾತಲ್ಲಿ ಹೇಳಿ" ಅಂತ ಕೇಳಿ. ಆಲ್ಫಾ (ವಾಕ್ಯಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದತ್ತೆ ಅನ್ನೋ ಅಳತೆ) 0.8 ಬಂತು ಅಂತ ಖುಷಿ ಪಡೋದು ಆಮೇಲೆ, ಬಹಳ ಜನ ಯೋಚಿಸ್ದೇ ಎಲ್ಲದಕ್ಕೂ ಹೂಂ ಅಂದ್ರೂ ಒಂದೇ ದಿಕ್ಕಿನ ವಾಕ್ಯಗಳಲ್ಲಿ ಆಲ್ಫಾ ಚೆನ್ನಾಗೇ ಬರತ್ತೆ.

ಜ್ಞಾನ ಅಳೆಯೋದು ಸುಲಭ ಅಂತ ಎಲ್ಲರೂ ಅಂದ್ಕೊಳ್ತಾರೆ, ಸರಿ ತಪ್ಪು ಅಂತ ಇದೆಯಲ್ಲ ಅಂತ. 1990ರ ದಶಕದಲ್ಲಿ ಅಮೆರಿಕದಲ್ಲಿ ಹ್ಯಾರಿಸ್ ಮತ್ತು ಸಂಗಡಿಗರು ಆರೋಗ್ಯ ಸಿಬ್ಬಂದಿಗೆ ಅಂತ ಮಾಡಿದ 20 ಸರಿ-ತಪ್ಪು ಪ್ರಶ್ನೆಗಳ ಒಂದು ಪ್ರಶ್ನಾವಳಿ ಇದೆ, ನರ್ಸಿಂಗ್, ಸೋಷಿಯಲ್ ವರ್ಕ್ ವಿದ್ಯಾರ್ಥಿಗಳ ಮೇಲೆ ಅದನ್ನ ಬಳಸೋರು ಇವತ್ತಿಗೂ ಇದಾರೆ. ಏನೂ ಗೊತ್ತಿಲ್ದೇ ಕಣ್ಮುಚ್ಚಿ ಟಿಕ್ ಹಾಕಿದ್ರೂ ಸುಮಾರು 10 ಸರಿ ಬರತ್ತೆ, ಅದಕ್ಕೇ "ಗೊತ್ತಿಲ್ಲ" ಅನ್ನೋ ಆಯ್ಕೆ ಕಡ್ಡಾಯ ಇಡಿ, ಮತ್ತೆ ತಪ್ಪು ಉತ್ತರಾನೂ ಗೊತ್ತಿಲ್ಲ ಅನ್ನೋದನ್ನೂ ಒಟ್ಟಿಗೆ ಸೊನ್ನೆ ಅಂತ ಹಾಕಬೇಡಿ. ಗೊತ್ತಿಲ್ಲ ಅನ್ನೋರಿಗೆ ಮಾಹಿತಿ ಕೊಟ್ರೆ ಸಾಕು. "ಇದೊಂದು ಕಾಯಿಲೆ, ಮದುವೆ ಮಾಡಿದ್ರೆ ಸರಿ ಹೋಗತ್ತೆ" ಅಂತ ಗಟ್ಟಿಯಾಗಿ ತಪ್ಪು ಹೇಳೋರ ಕಥೆ ಬೇರೆ, ಅವರ ಮನೇಲಿ ಯಾರದೋ ಮದುವೆ ಹಾಗೇ ಆಗಿರಬಹುದು.

ಪ್ರಶ್ನೆಗಳು ನಮ್ಮ ನೆಲದ್ದಾಗಿರಲಿ. ಇಬ್ಬರು ವಯಸ್ಕ ಗಂಡಸರು ಒಪ್ಪಿ ಜೊತೆಗಿದ್ರೆ ಈಗ ಭಾರತದಲ್ಲಿ ಅಪರಾಧವಾ? ಅವರು ಕಾನೂನು ಪ್ರಕಾರ ಮದುವೆ ರಿಜಿಸ್ಟರ್ ಮಾಡಿಸಬಹುದಾ? ಇವೆರಡನ್ನ ಅಕ್ಕಪಕ್ಕ ಇಟ್ಟು ಕೇಳಿ, ಜೈಲಿಲ್ಲ ಅಂದ್ರೆ ಮದುವೆಗೂ ಮಾನ್ಯತೆ ಇದೆ ಅಂತ ಅಂದ್ಕೊಂಡಿರೋರು ಓದಿದವರಲ್ಲೇ ಸಿಗ್ತಾರೆ, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮದುವೆಗೆ ಮಾನ್ಯತೆ ಕೊಡೋಕೆ ಒಪ್ಪಲಿಲ್ಲ ಅನ್ನೋದು ತಲೇಲಿ ಉಳಿದಿರಲ್ಲ. ಕರ್ನಾಟಕದಲ್ಲಿ ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮೀಸಲಾತಿ ಇದೆಯಾ ಅಂತ ಕೇಳಿ. ಇದೆ, 2021ರಲ್ಲಿ 1% ತಂದ್ರು, ಆಗ ದೇಶದಲ್ಲೇ ಮೊದಲು. ಟ್ರಾನ್ಸ್ ಸಮುದಾಯದವರಿಗೆ ರಾಜ್ಯ ಸರ್ಕಾರ ಕೊಡೋ ಮೈತ್ರಿ ಪಿಂಚಣಿ ಬಗ್ಗೆ ಕೇಳಿ. ವೈದ್ಯಕೀಯದ್ದು ಕೇಳೋದಾದ್ರೆ ಹುಷಾರು, "ಸರಿ ಉತ್ತರ" ಅನ್ನೋದೇ ಇಲ್ಲಿ ಬದಲಾಗಿದೆ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗತ್ವವನ್ನ ಕಾಯಿಲೆ ಪಟ್ಟಿಯಿಂದ ತೆಗೀತು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ, ನಮ್ಮ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಸ್ಪಷ್ಟವಾಗಿ ಹೇಳ್ತು. ಅಷ್ಟಾದ್ಮೇಲೂ 2024ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಎಂಬಿಬಿಎಸ್ ಪಠ್ಯಕ್ರಮದ ಮಾರ್ಗಸೂಚೀಲಿ ಲೆಸ್ಬಿಯನ್ ಸಂಬಂಧಗಳನ್ನ ಮತ್ತೆ ಅಸಹಜ ಲೈಂಗಿಕ ಅಪರಾಧಗಳ ಪಟ್ಟಿಗೆ ಸೇರಿಸಿ, ಗಲಾಟೆ ಆದ್ಮೇಲೆ ಸೆಪ್ಟೆಂಬರ್‌ನಲ್ಲಿ ವಾಪಸ್ ತಗೊಂಡಿತು. ಅಂದ್ರೆ ಐವತ್ತು ವಯಸ್ಸಿನ ಒಬ್ಬ ಡಾಕ್ಟರ್ ನಿಮ್ಮ ಪರೀಕ್ಷೇಲಿ ತಪ್ಪು ಉತ್ತರ ಕೊಟ್ರೆ ಅವರಿಗೆ ಓದೇ ಇಲ್ಲ ಅಂತ ಅಲ್ಲ, ಅವರು ಓದಿದ್ದೇ ಹಾಗೆ. ಜ್ಞಾನದ ಸ್ಕೋರ್ ಪಕ್ಕದಲ್ಲಿ "ಇದು ನಿಮಗೆ ಎಲ್ಲಿಂದ ಗೊತ್ತಾಯ್ತು" ಅಂತ ಒಂದು ಕಾಲಂ ಇಡಿ, ಶಾಲೆ, ವಾಟ್ಸಾಪ್, ಸಿನಿಮಾ, ಪರಿಚಯದವರು ಅಂತ.

ಜ್ಞಾನ ಜಾಸ್ತಿ ಇದ್ದೋರ ಮನೋಭಾವ ಚೆನ್ನಾಗಿದೆ ಅಂತ ಕೊರಿಲೇಷನ್ ಬಂದ್ರೆ, ಬಂದೇ ಬರತ್ತೆ, ಅದನ್ನ "ತಿಳುವಳಿಕೆ ಕೊಟ್ರೆ ಮನಸ್ಸು ಬದಲಾಗತ್ತೆ" ಅಂತ ತಿರುಗಿಸಬೇಡಿ. ಮೊದಲೇ ಮನಸ್ಸಿದ್ದೋರೇ ಓದಿ ತಿಳ್ಕೊಂಡಿರಬಹುದು. ಇದಕ್ಕಿಂತ ಗಟ್ಟಿಯಾಗಿ ಕೆಲಸ ಮಾಡೋ ಪ್ರಶ್ನೆ ಒಂದೇ, "ನಿಮಗೆ ಖುದ್ದಾಗಿ ಪರಿಚಯ ಇರೋರು ಯಾರಾದ್ರೂ ಇದಾರಾ, ಅವರ ಜೊತೆ ಕೂತು ಊಟ ಮಾಡಿದೀರಾ". ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ ಒಡನಾಟದ ಸಿದ್ಧಾಂತ ಇದು, ಹತ್ತಿರದ ಪರಿಚಯ ಪೂರ್ವಗ್ರಹ ಕಡಿಮೆ ಮಾಡತ್ತೆ ಅಂತ, ಮರೀದೇ ಕೇಳಿ.

ಇನ್ನು "ಯಾರ ಎದುರಿಗೆ". ಹುಬ್ಬಳ್ಳಿ ಧಾರವಾಡದ ಮನೆಗಳಲ್ಲಿ ಹಗಲು ಹೊತ್ತು ಸಂದರ್ಶನ ಅಂದ್ರೆ ಹೀಗಿರತ್ತೆ. ಸೊಸೆ ಪಡಸಾಲೇಲಿ ಕೂತು ಉತ್ತರ ಕೊಡ್ತಿರ್ತಾಳೆ, ಅತ್ತೆ ಅಡುಗೆಮನೆ ಬಾಗಿಲಲ್ಲಿ ಸೊಪ್ಪು ಬಿಡಿಸ್ತಾ ಇರ್ತಾರೆ, ಕಿವಿ ಎಲ್ಲಾ ಇಲ್ಲೇ. ಬಸ್ಸು, ಅಂಗಡಿ ಪ್ರಶ್ನೆವರೆಗೂ ಸೊಸೆ ಸರಾಗವಾಗಿ ಹೇಳ್ತಾಳೆ, "ಮಗಳು ಒಬ್ಬ ಹುಡುಗೀನೇ ಪ್ರೀತಿಸ್ತೀನಿ ಅಂದ್ರೆ" ಅನ್ನೋದು ಬಂದ ತಕ್ಷಣ ಅತ್ತೆ ಕಡೆ ಒಂದ್ಸಲ ನೋಡಿ "ಅಂಥದ್ದೆಲ್ಲ ನಮ್ಮನ್ಯಾಗ ಇಲ್ರಿ" ಅಂತಾಳೆ. ಶೀಟಿನಲ್ಲಿ "ಪೂರ್ತಿ ವಿರೋಧ" ಅಂತ ಬೀಳತ್ತೆ, ಅದು ಯಾರ ಉತ್ತರ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಮನೆಯೊಳಗಿನ ಹಿಂಸೆ ಬಗ್ಗೆ ಕೇಳೋ ಭಾಗ ಇದೆ, ಏಕಾಂತ ಸಿಗದಿದ್ರೆ ಆ ಭಾಗ ಕೇಳಲೇಬಾರದು ಅಂತ ನಿಯಮ. ನಿಮಗೂ ಅಂಥದ್ದೊಂದು ಬೇಕು. ಸಾಧ್ಯ ಆದ್ರೆ ಈ ಪ್ರಶ್ನೆಗಳನ್ನ ಕನ್ನಡದಲ್ಲಿ, ಧಾರವಾಡದ ಮಾತಲ್ಲೇ ರೆಕಾರ್ಡ್ ಮಾಡಿ ಮೊಬೈಲ್‌ನಲ್ಲಿ ಹಾಕಿ ಇಯರ್‌ಫೋನ್ ಕೊಡಿ, ಅವರೇ ಕೇಳಿಸ್ಕೊಂಡು ಹಸಿರು ಕೆಂಪು ಬಟನ್ ಒತ್ತಲಿ, ನೀವು ಸ್ಕ್ರೀನ್ ನೋಡಬೇಡಿ. ಆಗದಿದ್ರೆ ಕನಿಷ್ಠ ಪ್ರತಿ ಶೀಟಿನ ಕೊನೇಲಿ "ಸಂದರ್ಶನದ ಹೊತ್ತಲ್ಲಿ ಜೊತೇಲಿ ಯಾರಿದ್ರು" ಅಂತ ಬರೀರಿ, ಒಬ್ಬರೇ ಇದ್ದಾಗ ಬಂದ ಉತ್ತರಾನೂ ಜನ ಇದ್ದಾಗ ಬಂದ ಉತ್ತರಾನೂ ಹೋಲಿಸಿದ್ರೆ ಅದೇ ಒಂದು ಟೇಬಲ್ ಆಗತ್ತೆ. ಉತ್ತರ ಎರಡೂ ದಿಕ್ಕಿಗೆ ಬಾಗತ್ತೆ ಅನ್ನೋದು ಮರೀಬೇಡಿ, ನಿಮ್ಮೆದುರು ಉದಾರವಾಗಿ, ಅತ್ತೆ ಎದುರು ಕಟ್ಟುನಿಟ್ಟಾಗಿ.

ನೇರವಾಗಿ ಕೇಳ್ದೇ ಗುಟ್ಟಾಗಿ ಅಳೆಯೋ ಲಿಸ್ಟ್ ಎಕ್ಸ್‌ಪೆರಿಮೆಂಟ್ ಅನ್ನೋ ಉಪಾಯ ಇದೆ. ಅರ್ಧ ಜನರಿಗೆ ನಾಲ್ಕು ಸಂಗತಿ ಓದಿ ಹೇಳ್ತೀರಿ, ಪೆಟ್ರೋಲ್ ರೇಟ್ ಏರೋದು, ರಾತ್ರಿ ಲೌಡ್ ಸ್ಪೀಕರ್, ರಸ್ತೆ ಅಗೆದು ಹಾಗೇ ಬಿಡೋದು, ಕ್ರಿಕೆಟ್ ಮ್ಯಾಚಿಗೆ ಟಿಕೆಟ್ ಸಿಗದಿರೋದು, ಇದರಲ್ಲಿ ಎಷ್ಟು ನಿಮಗೆ ಸಿಟ್ಟು ತರಿಸತ್ತೆ ಅಂತ ನಂಬರ್ ಮಾತ್ರ ಹೇಳಿ, ಯಾವುದು ಅಂತ ಹೇಳಬೇಡಿ ಅಂತೀರಿ. ಇನ್ನರ್ಧ ಜನರಿಗೆ ಅದೇ ನಾಲ್ಕರ ಜೊತೆ ಐದನೇದು, ಪಕ್ಕದ ಮನೆಗೆ ಸಲಿಂಗ ಜೋಡಿ ಬರೋದು. ಮೊದಲ ಗುಂಪಿನ ಸರಾಸರಿ 2.1, ಎರಡನೇದರದ್ದು 2.5 ಬಂತು ಅಂತಿಟ್ಕೊಳ್ಳಿ, ವ್ಯತ್ಯಾಸ 0.4, ಅಂದ್ರೆ ಸುಮಾರು 40% ಜನರಿಗೆ ಅದು ಆಗಿಬರಲ್ಲ ಅಂತಾಯ್ತು, ಯಾರು ಅಂತ ಮಾತ್ರ ನಿಮಗೂ ಗೊತ್ತಾಗಲ್ಲ. ಅಮೆರಿಕದಲ್ಲಿ ಕಾಫ್‌ಮನ್ ಮತ್ತು ಎರಿಕ್‌ಸನ್ ಅನ್ನೋ ಸಂಶೋಧಕರು 2,516 ಜನರ ಮೇಲೆ ಆನ್‌ಲೈನ್‌ನಲ್ಲಿ ಇದನ್ನ ಮಾಡಿದ್ರು, ಬಹಿರಂಗವಾಗಿ ಗೇ ಆಗಿರೋ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡೋದು ಇಷ್ಟ ಇಲ್ಲ ಅನ್ನೋರ ಪ್ರಮಾಣ ನೇರವಾಗಿ ಕೇಳಿದ್ದಕ್ಕಿಂತ 67% ಹೆಚ್ಚಾಗಿ ಕಂಡಿತು. ಅದೂ ಹೆಸರು ಹೇಳದ, ಮುಖ ಕಾಣದ ಆನ್‌ಲೈನ್ ಸಮೀಕ್ಷೇಲಿ. ನಮ್ಮ ಪಡಸಾಲೇಲಿ ಎಷ್ಟಿರಬಹುದು ಅಂತ ನೀವೇ ಯೋಚಿಸಿ. ಆದ್ರೆ ಈ ಉಪಾಯಕ್ಕೆ ಬಹಳ ಜನ ಬೇಕು. ಗುಂಪಿಗೆ 100 ಜನ ಇಟ್ಕೊಂಡ್ರೆ ಆ 40% ಅನ್ನೋದು ಹದಿನೈದಕ್ಕೂ ಅರವತ್ತೈದಕ್ಕೂ ನಡುವೆ ಎಲ್ಲಾದ್ರೂ ಇರಬಹುದು, ಅಷ್ಟು ಅಲ್ಲಾಡತ್ತೆ. 200 ಜನರ ಸ್ಟಡಿಗೆ ಬೇಡ.

ಸ್ಯಾಂಪಲ್ ಬಗ್ಗೆ ಚುಟುಕಾಗಿ. ಗೂಗಲ್ ಫಾರ್ಮ್ ಲಿಂಕ್ ನಿಮ್ಮ ಕ್ಲಾಸ್ ಗ್ರೂಪಿಂದ ಅವರ ಅಕ್ಕ ತಂಗಿ ಗ್ರೂಪಿಗೆ ಹೋಗತ್ತೆ, ವಿಷಯ ನೋಡಿ ಇಷ್ಟ ಇದ್ದೋರು ತುಂಬ್ತಾರೆ, ಸಿಟ್ಟು ಬಂದೋರು ಮುಚ್ಚಿಬಿಡ್ತಾರೆ. ಇಪ್ಸೋಸ್ ಥರದ ದೊಡ್ಡ ಸಮೀಕ್ಷಾ ಕಂಪನಿ ಕೂಡ ತನ್ನ ಆನ್‌ಲೈನ್ ಸಮೀಕ್ಷೇಲಿ ಭಾರತದ ಸ್ಯಾಂಪಲ್ ಹೆಚ್ಚು ನಗರದ, ಹೆಚ್ಚು ಓದಿದ, ಹೆಚ್ಚು ಅನುಕೂಲಸ್ಥ ಜನರದ್ದು ಅಂತ ತಾನೇ ಬರೆದುಕೊಳ್ಳತ್ತೆ. ಎರಡು ವಾರ್ಡು, ಎರಡು ಹಳ್ಳಿ ತಗೊಳ್ಳಿ, ಮತದಾರರ ಪಟ್ಟೀಲಿ ಇಷ್ಟಿಷ್ಟರಲ್ಲಿ ಒಬ್ಬರು ಅಂತ ಆರಿಸಿ ಮನೆಗೆ ಹೋಗಿ, ಸಿಗದೇ ಇದ್ದೋರನ್ನೂ ಉತ್ತರ ಕೊಡಲ್ಲ ಅಂದೋರನ್ನೂ ಲೆಕ್ಕ ಇಡಿ. 400 ಜನ ಆದ್ರೆ ಸರಳ ಲೆಕ್ಕದಲ್ಲಿ 5% ಆಚೀಚೆ, 200 ಆದ್ರೆ 7%. ಅಷ್ಟರಲ್ಲಿ "ಕರ್ನಾಟಕದ ಜನರ ಮನೋಭಾವ" ಅಂತ ಟೈಟಲ್ ಕೊಡಬೇಡಿ, ಆ ನಾಲ್ಕು ಊರಿನ ಹೆಸರು ಕೊಡಿ.

ಜಾಗೃತಿ ಕಾರ್ಯಕ್ರಮ ಮಾಡಿ ಮುಂಚೆ ಆಮೇಲೆ ಅಳೀತೀನಿ ಅಂದ್ರಲ್ಲ, ಅದಕ್ಕೊಂದು ಕಥೆ ಇದೆ, ನಮ್ಮ ಫೀಲ್ಡಿನಲ್ಲಿ ಎಲ್ಲರಿಗೂ ಗೊತ್ತಿರೋದು. 2014ರ ಡಿಸೆಂಬರ್‌ನಲ್ಲಿ ಸೈನ್ಸ್ ಪತ್ರಿಕೇಲಿ ಮೈಕಲ್ ಲಾಕೂರ್ ಮತ್ತು ಡೊನಾಲ್ಡ್ ಗ್ರೀನ್ ಅವರ ಲೇಖನ ಬಂತು, ಕ್ಯಾಲಿಫೋರ್ನಿಯಾದಲ್ಲಿ ಗೇ ಕಾರ್ಯಕರ್ತರು ಮನೆಗೆ ಹೋಗಿ ಇಪ್ಪತ್ತೇ ನಿಮಿಷ ಮಾತಾಡಿದ್ರೆ ಸಲಿಂಗ ಮದುವೆ ಬಗ್ಗೆ ಜನರ ಮನಸ್ಸು ತಿಂಗಳುಗಟ್ಟಲೆ ಬದಲಾಗಿ ಉಳೀತು ಅಂತ. ಜಗತ್ತೆಲ್ಲ ಸುದ್ದಿ ಆಯ್ತು. ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ಅನ್ನೋ ಇಬ್ಬರು ಹುಡುಗ್ರು ಅದೇ ಥರ ತಾವೂ ಮಾಡೋಕೆ ಹೋದ್ರೆ ಅಷ್ಟು ಜನ ಉತ್ತರ ಕೊಡ್ತಾನೇ ಇಲ್ಲ, ಸಮೀಕ್ಷೆ ಮಾಡಿದ್ದು ಅಂತ ಹೇಳಿದ್ದ ಕಂಪನಿಗೆ ಫೋನ್ ಮಾಡಿದ್ರೆ ಅಂಥ ಪ್ರಾಜೆಕ್ಟೇ ನಮಗೆ ಗೊತ್ತಿಲ್ಲ ಅಂದ್ರು. ಡೇಟಾ ಬಿಡಿಸಿ ನೋಡಿದ್ರೆ, ಸೊನ್ನೆಯಿಂದ ನೂರರವರೆಗೆ ಅಂಕ ಕೊಡೋ "ಫೀಲಿಂಗ್ ಥರ್ಮಾಮೀಟರ್" ಉತ್ತರಗಳು ಇನ್ಯಾವುದೋ ಹಳೇ ಸಮೀಕ್ಷೆಯ ಹಂಚಿಕೆಗೆ ಅಚ್ಚು ಹಾಕಿದ ಹಾಗೆ ಹೊಂದ್ತಿದ್ವು, ಮತ್ತೆ ಒಬ್ಬೊಬ್ಬರ ಉತ್ತರ ಸುತ್ತಿಂದ ಸುತ್ತಿಗೆ ವಿಪರೀತ ಸ್ಥಿರವಾಗಿತ್ತು, ನಿಜವಾದ ಜನ ಇವತ್ತು 60 ಅಂದೋರು ಮುಂದಿನ ತಿಂಗಳು 45 ಅಂತಾರೆ. 2015ರ ಮೇನಲ್ಲಿ ಪತ್ರಿಕೆ ಲೇಖನ ವಾಪಸ್ ತಗೊಂಡಿತು. ಮುಂದಿನದು ಇನ್ನೂ ಚೆನ್ನಾಗಿದೆ: ಆ ಇಬ್ಬರೇ ಮಯಾಮಿಯಲ್ಲಿ ಟ್ರಾನ್ಸ್‌ಜೆಂಡರ್ ವಿಷಯದಲ್ಲಿ ಪ್ರಾಮಾಣಿಕವಾಗಿ ಪ್ರಯೋಗ ಮಾಡಿದ್ರು, 56 ಕಾರ್ಯಕರ್ತರು, 501 ಮತದಾರರು, ಸುಮಾರು ಹತ್ತು ನಿಮಿಷದ ಮಾತು, ಪೂರ್ವಗ್ರಹ ನಿಜವಾಗ್ಲೂ ಕಡಿಮೆ ಆಗಿ ಮೂರು ತಿಂಗಳಾದ್ರೂ ಉಳೀತು, ಮಾತಾಡಿದವರು ಟ್ರಾನ್ಸ್ ಆಗಿದ್ರೂ ಅಲ್ಲದಿದ್ರೂ. ಆ ಮಾತುಕತೇಲಿ ಭಾಷಣ ಇರಲಿಲ್ಲ, ನಿಮ್ಮನ್ನ ಯಾರಾದ್ರೂ ಬೇರೆ ಥರ ನೋಡಿದ್ದು ನೆನಪಿದೆಯಾ ಅಂತ ಕೇಳಿ ಅವರ ಕಥೆ ಕೇಳಿಸ್ಕೊಳ್ತಿದ್ರು. ನಿಮ್ಮ ಪಿಪಿಟಿ ಕಾರ್ಯಕ್ರಮ ಮುಗಿದ ಹತ್ತು ನಿಮಿಷಕ್ಕೇ ಅದೇ ಹಾಲ್‌ನಲ್ಲಿ ಅದೇ ಫಾರ್ಮ್ ಕೊಟ್ರೆ ಸ್ಕೋರ್ ಏರತ್ತೆ, ಏನು ಬರೆದ್ರೆ ನಿಮಗೆ ಖುಷಿ ಅಂತ ಎಲ್ಲರಿಗೂ ಗೊತ್ತಾಗಿರತ್ತೆ. ಮಾಡೋದೇ ಆದ್ರೆ ಎರಡು ಕಾಲೇಜು ತಗೊಂಡು ಚೀಟಿ ಎತ್ತಿ ಒಂದು ಕಡೆ ಕಾರ್ಯಕ್ರಮ ಮಾಡಿ, ಇನ್ನೊಂದು ಕಡೆ ಬೇರೆ ವಿಷಯದ ಕಾರ್ಯಕ್ರಮ ಮಾಡಿ, ಎರಡು ತಿಂಗಳು ಬಿಟ್ಟು ಬೇರೆ ಯಾರನ್ನಾದ್ರೂ ಕಳಿಸಿ ಅಳೆಸಿ. ಎರಡೇ ಕಾಲೇಜಿನಿಂದ ಗಟ್ಟಿ ತೀರ್ಮಾನ ಬರಲ್ಲ, ಆದ್ರೂ ಅದೇ ಹಾಲ್ ಲೆಕ್ಕಕ್ಕಿಂತ ಎಷ್ಟೋ ವಾಸಿ. ಡಿಸರ್ಟೇಶನ್ ಟೈಮ್‌ಗೆ ಅದು ಆಗಲ್ಲ ಅಂದ್ರೆ ಬಿಟ್ಟುಬಿಡಿ, ಸಮೀಕ್ಷೆ ಒಂದೇ ಸಾಕು.

ಇನ್ನೊಂದು ವಿಷಯ, ನೀವು ಕೇಳಿಲ್ಲ ಆದ್ರೂ. ನೀವು ಭೇಟಿ ಮಾಡೋ ಆ 200 ಜನರಲ್ಲಿ ಕೆಲವರು ಸ್ವತಃ ಗೇ, ಲೆಸ್ಬಿಯನ್ ಅಥವಾ ಟ್ರಾನ್ಸ್ ಆಗಿರ್ತಾರೆ, ಮನೇಲಿ ಹೇಳಿರಲ್ಲ. "ಇಂಥವರನ್ನ ಮನೆಯಿಂದ ದೂರ ಇಡಬೇಕಾ" ಅನ್ನೋ ವಾಕ್ಯ ಅವರ ಅಪ್ಪನ ಎದುರಿಗೇ ಅವರಿಗೆ ಓದಿ ಹೇಳ್ತಿರ್ತೀರಿ. ಅದಕ್ಕೇ ಪ್ರಶ್ನಾವಳಿ ಫೈನಲ್ ಮಾಡೋ ಮುಂಚೆ ಸಮುದಾಯದವರ ಒಂದು ಸಂಘಟನೆಗೆ ಹೋಗಿ ತೋರಿಸಿ, ಅವರ ಟೈಮಿಗೆ ದುಡ್ಡು ಕೊಡಿ, ಯಾವ ವಾಕ್ಯ ಚುಚ್ಚತ್ತೆ ಅಂತ ಅವರು ಹೇಳಿದ್ದನ್ನ ಗೈಡ್ ಎದುರು ಸಮರ್ಥಿಸ್ಕೊಳ್ಳಿ. ಉತ್ತರ ಕೊಡೋರ ಸ್ವಂತ ಲೈಂಗಿಕತೆ ಬಗ್ಗೆ ಎದುರಾಎದುರು ಕೇಳಲೇಬೇಡಿ, ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಬರೋವರೆಗೂ ಫೀಲ್ಡಿಗೆ ಇಳೀಬೇಡಿ. ಸಂದರ್ಶನ ಮುಗಿದ್ಮೇಲೆ ಎಲ್ಲರಿಗೂ, ಎಲ್ಲರಿಗೂ ಅನ್ನೋದು ಮುಖ್ಯ, ಒಂದೇ ಥರದ ಚೀಟಿ ಕೊಡಿ, ಅದರಲ್ಲಿ ಬೇರೆ ಬೇರೆ ಸರ್ಕಾರಿ ಸಹಾಯವಾಣಿಗಳ ಜೊತೆ ಕೌನ್ಸೆಲಿಂಗ್ ನಂಬರೂ ಇರಲಿ, ಯಾರಿಗೆ ಬೇಕಿತ್ತು ಅಂತ ಯಾರಿಗೂ ಗೊತ್ತಾಗಬಾರದು. ಪೈಲಟ್‌ಗೆ ಬಳಸಿದ ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ಕಲೆಕ್ಟ್ ಆಗೋ ಸೆಟ್ಟಿಂಗ್ ಆನ್ ಇದ್ರೆ ಇವತ್ತೇ ಆಫ್ ಮಾಡಿ, ಬಂದಿರೋ ಶೀಟಿನಲ್ಲಿ ಆ ಕಾಲಂ ಅಳಿಸಿ, ಗೈಡ್‌ಗೆ ಕಳಿಸೋದು ಆಮೇಲೆ.